ಬೆಸೆದ ಬ್ಲೇಡು

ಮುನಿರಾಜಣ್ಣ, ಅವತ್ತು ನಿಮ್ಮ ಲಾರಿಗೆ ನಾನು ಹಾಕಿಸಿಕೊಟ್ಟದ್ದು ಹೊಸ ಸ್ಪ್ರಿಂಗ್ ಬ್ಲೇಡಲ್ಲ. ಮುರಿದದ್ದನ್ನೇ ವೆಲ್ಡಿಂಗ್ ಮಾಡಿಸಿ, ಕಪ್ಪು ಬಣ್ಣ ಬಳಿಸಿ ಕೂರಿಸಿದ್ದೆ. ಲಾರಿ ಗೋಡೆಗೆ ಗುದ್ದಿದ್ದು ನಿಮ್ಮಿಂದಲ್ಲ, ನನ್ನಿಂದ. ಇಷ್ಟು ಹೇಳಲು ಇಷ್ಟು ವರ್ಷ — ಥೂ, ನನ್ನ ಜನ್ಮಕ್ಕಿಷ್ಟು!

ಗಂಡ ಹೋದ ಮೇಲೆ ಕೆ.ಆರ್. ಪುರದ ಈ ಸ್ಪ್ರಿಂಗ್ ವರ್ಕ್‌ಶಾಪನ್ನು ಹಟ ಹಿಡಿದು ನಡೆಸಿದವಳು ನಾನು. ಹೆಂಗಸಿಗೆ ಲಾರಿ ಕೆಲಸ ಏನು ಗೊತ್ತು ಅಂದವರ ಬಾಯಿ ಮುಚ್ಚಿಸಿದ್ದೆ. ಬಂದ ಲಾರಿಯನ್ನು ವಾಪಸ್ ಕಳಿಸುವವಳಲ್ಲ ಶಾಂತಮ್ಮ ಎಂಬ ಜಂಬ ಬೇರೆ.

ನೀವು ಬಂದದ್ದು ಆಯುಧಪೂಜೆಯ ಹಿಂದಿನ ಸಂಜೆ. ಆಗಲೇ ಕುಲುಮೆ ಆರಿಸಿ, ಸುತ್ತಿಗೆ, ಇಕ್ಕಳ, ಸ್ಪ್ಯಾನರು ಎಲ್ಲವನ್ನೂ ತೊಳೆದು ಕುಂಕುಮವಿಟ್ಟು ಜೋಡಿಸಿದ್ದೆವು. ಹಾಗೆ ಇಟ್ಟ ಮೇಲೆ ಪೂಜೆ ಮುಗಿಯುವ ತನಕ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ನಿಮ್ಮ ಲಾರಿಯ ಮೇನ್ ಬ್ಲೇಡು ಮುರಿದಿತ್ತು. ಸ್ಪ್ರಿಂಗಿನಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳೆಲ್ಲ ಸೇರಿ ಭಾರ ಹೊರುತ್ತವೆ ನಿಜ, ಆದರೆ ಚಕ್ರದ ಆಕ್ಸಲನ್ನು ಅಲುಗದಂತೆ ಹಿಡಿದಿಡುವುದು ಮೇನ್ ಬ್ಲೇಡು. ಕುಲುಮೆಯಲ್ಲಿ ಕಾಯಿಸಿ, ಬಗ್ಗಿಸಿ, ಹದ ಕೊಟ್ಟು ಹೊಸದನ್ನೇ ಮಾಡಬೇಕು. ಬೆಸೆದರೆ ಆ ಬಿಸಿಗೆ ಉಕ್ಕಿನ ಹದ ಕೆಟ್ಟು, ಬಳುಕಬೇಕಾದಲ್ಲಿ ಮುರಿಯುತ್ತದೆ. ಗೊತ್ತಿತ್ತು ನನಗೆ. ಚೆನ್ನಾಗಿ ಗೊತ್ತಿತ್ತು —

ಹಬ್ಬ ಕಳೆಯಲಿ, ಲಾರಿ ಇಲ್ಲೇ ನಿಲ್ಲಲಿ ಅನ್ನಬಹುದಿತ್ತು. ಅನ್ನಲಿಲ್ಲ. ನೀವು ಲಾರಿಗೆ ಹೂವು, ಬೂದುಗುಂಬಳ ತರಲು ಹೋದಾಗ ಪಕ್ಕದ ವೆಲ್ಡಿಂಗ್ ಅಂಗಡಿಯವರನ್ನು ಕರೆದೆ. ಅವರಿನ್ನೂ ಸಾಮಾನು ಪೂಜೆಗೆ ಇಟ್ಟಿರಲಿಲ್ಲ; ಅವರ ಸ್ಪ್ಯಾನರಿನಲ್ಲೇ ಬಿಚ್ಚಿಸಿ, ಬೆಸೆಸಿ, ಕೂರಿಸಿಬಿಟ್ಟೆ. ವಾಪಸ್ ಬಂದು ಕೇಳಿದಿರಿ.

"ಹೊಸದೇನಮ್ಮಾ?"

"ಹೊಸದೇ ಮುನಿರಾಜಣ್ಣ. ಧೈರ್ಯವಾಗಿ ಓಡ್ಸಿ, ಹೋಗಿ."

ಸುತ್ತಿಗೆಗೆ ಅಪಚಾರವಾಗಬಾರದು ಅಂತ ಅಷ್ಟು ಭಕ್ತಿ ನನಗೆ! ನಿಮ್ಮ ಜೀವದ ಯೋಚನೆ ಬರಲಿಲ್ಲವೇ? ಬಂತು. ತಳ್ಳಿಬಿಟ್ಟೆ.

ಹಬ್ಬ ಮುಗಿದು ವಾರವೂ ಆಗಿರಲಿಲ್ಲ, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಬ್ಲೇಡು ಮುರಿದು ಲಾರಿ ಎಡಕ್ಕೆ ಎಳೆದು ಗೋಡೆಗೆ ಗುದ್ದಿತು. ನಿಮ್ಮ ಮಂಡಿ ಚೂರಾಯಿತು. ಲಾರಿಯನ್ನು ನನ್ನ ಶೆಡ್ಡಿಗೇ ಎಳೆದು ತಂದರು. ಲಾರಿ ಮಾಲೀಕರು ಬರುವ ಮೊದಲೇ ಅದರಡಿ ತೂರಿ ನೋಡಿದೆ. ಬೆಸುಗೆಯ ಪಕ್ಕದಲ್ಲೇ ಮುರಿದಿತ್ತು. ಬೆಸುಗೆ ಇದ್ದ ತುಂಡನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ಮಾಲೀಕರಿಗೆ ಹೇಳಿದೆ — ಈ ಮಾತು ಬರೆಯಲು ಕೈ ಬರುತ್ತಿಲ್ಲ — "ಬ್ಲೇಡ್ ಗಟ್ಟಿಯಾಗೇ ಇತ್ತು ಸಾರ್. ಗುಂಡಿಗೆ ಜೋರಾಗಿ ಇಳಿಸಿರ್ತಾರೆ."

ಅಷ್ಟೇ ಸಾಕಾಯಿತು ಅವರಿಗೆ. ನಿಮ್ಮನ್ನು ಕೆಲಸದಿಂದ ತೆಗೆದರು. ಅಷ್ಟು ಒಳ್ಳೆಯ ಡ್ರೈವರ್ ಆಗಿದ್ದ ನೀವು ಈಗ ಜೀವನ್ ಬಿಮಾ ನಗರದ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಿದ್ದೀರಿ. ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಮೊನ್ನೆ ಒಬ್ಬ ಡ್ರೈವರ್ ಬಂದ. "ಮುನಿರಾಜಣ್ಣ ಕಳ್ಸಿದ್ರು ಅಕ್ಕ. ಶಾಂತಮ್ಮ ಮೋಸ ಮಾಡಲ್ಲ, ಅಲ್ಲೇ ಮಾಡ್ಸು ಅಂದ್ರು. ಪಾಪ, ಈಗ್ಲೂ ಕೊರಗ್ತಾರೆ ಕಣಕ್ಕ. ಆ ಗುಂಡಿ ನನ್ ಕಣ್ಣಿಗೆ ಹೆಂಗೆ ಬೀಳ್ಲಿಲ್ವೋ ಅಂತ."

ಅವನ ಮುಖ ನೋಡಲಾಗದೆ ಒಳಗೆ ಹೋಗಿ ಕೂತುಬಿಟ್ಟೆ. ಕೆಲಸ ಹೋಯಿತು, ಕಾಲು ಹೋಯಿತು, ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ನಾನೇ ತಿಂದುಹಾಕಿದೆ.

ನಾಳೆ ಅಟ್ಟದ ಗೋಣಿಚೀಲ ಇಳಿಸುತ್ತೇನೆ. ಮೊದಲು ಆ ಲಾರಿ ಮಾಲೀಕರ ಮುಂದೆ ಬಿಚ್ಚಿ, ಆಮೇಲೆ ನಿಮ್ಮ ಗೇಟಿಗೆ ಬರುತ್ತೇನೆ. ಬೈದರೆ ಬೈಯಿರಿ, ಮುಖ ತಿರುಗಿಸಿದರೆ ತಿರುಗಿಸಿ. ಒಂದನ್ನು ಮಾತ್ರ ಹೇಳಿಯೇ ಹೋಗುತ್ತೇನೆ. ಅಲ್ಲಿ ಗುಂಡಿಯೇ ಇರಲಿಲ್ಲ ಅಣ್ಣ. ಲಾರಿ ಗುದ್ದಿದ ದಿನವೇ ನಾನು ನಡೆದುಹೋಗಿ ನೋಡಿ ಬಂದಿದ್ದೆ.