ಖಾನೆಯಿಲ್ಲದ ಬೆರಳುಗಳು

ಬೆಳಗಿನ ಪಾಳಿಗೆ ಹೊರಡುವ ಮೊದಲು ಬಿಳಿಯಕ್ಕ ಗಡಿಯಾಚೆ ಇರುವ ಮಗಳಿಗೆ ಫೋನು ಮಾಡಿ ಎಬ್ಬಿಸುತ್ತಾಳೆ. ದುಡಿಯಲು ಈ ದೇಶಕ್ಕೆ ಬಂದ ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಬೆರಳು ಮುಟ್ಟಿಸಿದರೆ ತೆರೆಯುವ ಫೋನು ಅದು. ಆಕೆಯ ಬೆರಳಿಗೆ ಮಾತ್ರ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ, ಅಂಕಿ ಒತ್ತಬೇಕು.

"ಎದ್ದೆಯೇನೇ, ನಿದ್ದೆಬುರುಕಿ?"

"ಎದ್ದೆ ಕಣಮ್ಮಾ. ದೊಡ್ಡಮ್ಮ ಆಗಲೇ ಮುಖಕ್ಕೆ ನೀರು ಎರಚಿದ್ಲು."

ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಕೆಯದು ಕಲೆ ತೆಗೆಯುವ ತೊಟ್ಟಿ. ಪಕ್ಕದ್ದು ನನ್ನದು. ರಕ್ತ ಅಂಟಿದ ಹಾಸುಬಟ್ಟೆಯನ್ನು ಬ್ಲೀಚಿಂಗ್ ನೀರಿನಲ್ಲಿ ತಿಕ್ಕಿ ಹಾಲಿನಂತೆ ಮಾಡುತ್ತಾಳೆಂದೇ ಆ ಅಡ್ಡಹೆಸರು. ಕೈಗವಸು ವರ್ಷಕ್ಕೆ ಎರಡೇ ಜೊತೆ, ತಿಂಗಳೊಳಗೆ ತೂತು.

ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ತಾಯಿಯ ಹತ್ತೂ ಬೆರಳಿನ ಗುರುತು ಬೇಕು. ಮಗಳಿಗೆ ಹದಿನೆಂಟು ತುಂಬುವುದರೊಳಗೆ ಎಲ್ಲ ಮುಗಿಯಬೇಕು. ಹಿಂದೆ ನಮ್ಮ ಬೀದಿಯ ಪೊಲೀಸ್ ಠಾಣೆಯಲ್ಲೇ ಶಾಯಿ ಹಚ್ಚಿ ಒತ್ತಿಸಿಕೊಳ್ಳುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿ, ಭಾರಿ ಅನುದಾನ ಕೊಟ್ಟು, ಗಾಜಿನ ಯಂತ್ರಗಳ ಹೊಸ ಕಚೇರಿ ತೆರೆಯಿತು, ಬಸ್ಸಿನಲ್ಲಿ ನಾಲ್ಕು ಗಂಟೆ ದೂರದಲ್ಲಿ. ಯಂತ್ರಕ್ಕೆ ಹಣವಿತ್ತು, ನಮ್ಮಂಥವರ ಹತ್ತಿರಕ್ಕೆ ಅದನ್ನು ತರಲು ಇರಲಿಲ್ಲವಂತೆ.

ಮೊದಲ ಸಲ ಹೋಗುವ ಮುನ್ನ ಆಕೆ ಮಾಡಿದ್ದನ್ನು ನಮ್ಮ ತೊಟ್ಟಿಯವರು ಯಾರಿದ್ದರೂ ಮಾಡುತ್ತಿದ್ದರು. ಸರ್ಕಾರದ ಗಾಜು ಕೊಳೆಯಾಗಬಾರದೆಂದು ಕೈಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಕಲ್ಲಿನಿಂದ ಉಜ್ಜಿದಳು. ಅಷ್ಟಿಷ್ಟು ಉಳಿದಿದ್ದ ಗೆರೆಗಳೂ ಹೋದವು. ಎರಡನೆಯ ಸಲ ಉಜ್ಜಲಿಲ್ಲ. ಉಜ್ಜುವ ಕೆಲಸವನ್ನು ತೊಟ್ಟಿಯೇ ಮಾಡಿತ್ತು. ಸವೆಸಿದ್ದು ಸರ್ಕಾರದವರ ಆಸ್ಪತ್ರೆ. ಸವೆದ ಬೆರಳು ಆಗದು ಎಂದು ತಿರಸ್ಕಾರದ ಪತ್ರ ಕಳಿಸಿದವರೂ ಅವರೇ. ಮೂರನೆಯ ಸಲವೂ ಗುರುತು ಬಾರದಿದ್ದರೆ ಅರ್ಜಿ ರದ್ದು. ಮಗಳಿಗೆ ಹದಿನೆಂಟಾಗಲು ಇಪ್ಪತ್ತೇ ದಿನ ಬಾಕಿ. ಅಂದು ನಾನೂ ಜೊತೆಗೆ ಹೋದೆ.

ಯಂತ್ರದ ಮುಂದಿನ ಗುಮಾಸ್ತ ಒಂದೊಂದೇ ಬೆರಳು ಹಿಡಿದು ಒತ್ತಿದ. ಪ್ರತಿ ಸಲವೂ ಕೆಂಪು ದೀಪ.

"ಇನ್ನೂ ಗಟ್ಟಿಯಾಗಿ ಒತ್ತಿ."

"ಇನ್ನೆಷ್ಟು ಒತ್ತಲಪ್ಪಾ? ಗಾಜು ತೂತಾಗಿ ಆ ಕಡೆ ಬರ್ತೀನಿ ಅಷ್ಟೇ."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಮ್ಮಾ, ಒಂದು ಉಪಕಾರ ಮಾಡ್ತೀನಿ. ಬೆರಳೇ ಇಲ್ಲ ಅನ್ನೋರಿಗೆ ಫಾರಂನಲ್ಲಿ ಖಾನೆ ಇದೆ. ಸವೆದೋಗಿವೆ ಅನ್ನೋರಿಗೆ ಇಲ್ಲ. ಹತ್ತೂ ಇಲ್ಲ ಅಂತ ಗುರುತು ಹಾಕ್ಲಾ? ಇವತ್ತೇ ಮುಗಿಯುತ್ತೆ."

ದೇವರೇ, ಹೂಂ ಅಂದುಬಿಡಲಿ ಎಂದು ನಾನು ಒಳಗೇ ಬೇಡಿಕೊಂಡೆ. ಬಿಳಿಯಕ್ಕನ ಮುಖ ಕೆಂಡವಾಗಿತ್ತು.

"ಹಂಗಾದ್ರೆ ಅಷ್ಟು ಬಟ್ಟೆ ಯಾರು ಒಗೆದದ್ದು, ಮೊಣಕೈಯಾ? ನಾಳೆ ಯಾರೋ ಬಂದು ಎಣಿಸಿದ್ರೆ ಸುಳ್ಳಿ ನಾನು. ನನ್ನ ಜೊತೆ ನನ್ನ ಮಗಳನ್ನೂ ಆಚೆ ದಬ್ತಾರೆ."

"ನನಗೇನೂ ಬೇಡಮ್ಮಾ. ಪಾಪ, ನಿಮಗೆ ಅಂತ..."

"ಗೊತ್ತಪ್ಪಾ. ಆದ್ರೂ ನಿನ್ನ ಉಪಕಾರ ಬೇಡ. ಸವೆದಿವೆ ಅಂತ ಬರಿ. ಖಾನೆ ಇಲ್ದಿದ್ರೆ ಹಾಳೆ ಅಂಚಲ್ಲಿ ಬರಿ. ಯಾರ ಕೆಲಸ ಮಾಡಿ ಸವೆದವು ಅಂತಾನೂ ಬರಿ."

ಹತ್ತೂ ಬೆರಳನ್ನು ಅಗಲಿಸಿ ಅವನ ಮೇಜಿನ ಮೇಲೆ ಊರಿ ನಿಂತಳು.