ಮಾತಿನಮಲ್ಲಿ ಸುಮ್ಮನಾದ ಬೆಳಗ್ಗೆ

ಬೀದಿದೀಪಗಳಿನ್ನೂ ಆರಿಲ್ಲ. ಬ್ರೈಲ್ ಮುದ್ರಣಾಲಯದ ಮೆಟ್ಟಿಲ ಬಳಿ ಸ್ಕೂಟರ್ ನಿಲ್ಲುತ್ತದೆ. ಹಿಂದಿನ ಸೀಟಿನಿಂದ ಇಳಿದ ಹೆಂಗಸು ಗಂಡನ ಕೈಯಿಂದ ಊಟದ ಡಬ್ಬಿ ಇಸಿದುಕೊಂಡು, ಒಂದಿಷ್ಟೂ ತಡವರಿಸದೆ ಬೀಗ ತೆಗೆದು ಒಳಗೆ ಹೋಗುತ್ತಾರೆ. ದೀಪ ಹಾಕುವುದಿಲ್ಲ. ಹುಟ್ಟಿನಿಂದಲ್ಲದಿದ್ದರೂ ಚಿಕ್ಕಂದಿನಿಂದಲೇ ಕಣ್ಣು ಕಾಣದವರಿಗೆ ಅದರ ಹಂಗೇನು? ಕಾಗದದ ಕಟ್ಟಿನ ಅಂಚನ್ನು ಬೆರಳಲ್ಲಿ ಸವರಿ, ತೇವ ಹಿಡಿದಿಲ್ಲವೆಂದು ಖಾತ್ರಿಯಾದ ಮೇಲೆ ಯಂತ್ರಕ್ಕೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಟಕಟಕ ಸದ್ದು. ದಪ್ಪ ಹಾಳೆಯ ಮೇಲೆ ಉಬ್ಬುಚುಕ್ಕಿಗಳು ಸಾಲುಗಟ್ಟಿ ಹೊರಬರುತ್ತವೆ.

ಎಲ್ಲರೂ ಅವರನ್ನು ಕರೆಯುವುದು ಚುಕ್ಕಿಯಕ್ಕ ಎಂದು. ಅಂಧ ಮಕ್ಕಳ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಅವರ ಕೈದಾಟಿಯೇ ಹೋಗಬೇಕು. ದಿನಕ್ಕೆ ಸುಮಾರು ನಾನೂರು ಹಾಳೆ. ಯಾವುದರ ಮೇಲೂ ಅವರ ಹೆಸರಿರುವುದಿಲ್ಲ.

ಎರಡನೇ ತರಗತಿಯಲ್ಲಿದ್ದಾಗ ಬಂದ ಜ್ವರ ಕಣ್ಣು ತೆಗೆದುಕೊಂಡು ಹೋಯಿತು. ಅಮ್ಮ ಸಿದ್ಧ ಉಡುಪುಗಳಿಗೆ ಗುಂಡಿ ಹೊಲಿಯುತ್ತಿದ್ದರು. ಬಿಡುವಾದಾಗ ಪಾಠ ಓದಿ ಹೇಳುತ್ತಿದ್ದರು. "ಅಮ್ಮನಿಗೆ ಕೆಲಸ ಜಾಸ್ತಿಯಾದ ದಿನ ನನ್ನ ಓದು ನಿಂತುಹೋಗೋದು. ಓದಿ ಹೇಳು ಅಂತ ಕೇಳೋಕೂ ಸಂಕೋಚ. ಬ್ರೈಲ್ ಪುಸ್ತಕ ಕೈಗೆ ಬಂದ ಮೇಲೆ ನೋಡಿ, ಯಾರನ್ನೂ ಕೇಳೋದೇ ಬೇಡವಾಯ್ತು. ದೀಪ ಆರಿಸಿದ್ರೂ ಹೊದಿಕೆಯೊಳಗೆ ಓದ್ತಾ ಬಿದ್ದಿರ್ತಿದ್ದೆ. ಬೈದೂ ಬೈದೂ ಅಮ್ಮನೇ ಸೋತ್ರು," ಎಂದು ನಗುತ್ತಾರೆ.

ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂದಾಗಲೂ ಅಷ್ಟೇ ಖುಷಿ. ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅವರು ಮಾತಿನಮಲ್ಲಿ ಎಂದು ಹೆಸರಿಟ್ಟರು. ವರ್ಷಗಟ್ಟಲೆ ಇಬ್ಬರೂ ಚೆನ್ನಾಗಿಯೇ ಹೊಂದಿಕೊಂಡು ಹೋಗಿದ್ದರು. ಕಳೆದ ವರ್ಷ ಹೊಸ ಕಂಪ್ಯೂಟರ್ ಬಂದದ್ದೇ ತಡ, ತಾಪತ್ರಯ ಶುರುವಾಯಿತು. ಆಗಾಗ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತದೆ. ನಿನ್ನೆ ಇದ್ದ ಸೌಲಭ್ಯ ಇಂದು ಅದೇ ಜಾಗದಲ್ಲಿ ಇರುವುದಿಲ್ಲ.

"ಯಾರೋ ದಿನಾ ಬಂದು ಅಡುಗೆಮನೆ ಸಾಮಾನೆಲ್ಲ ಅತ್ತಿತ್ತ ಮಾಡಿ ಹೋದ ಹಾಗೆ. ಕೇಳಿದ್ರೆ, ಇದು ಸುಧಾರಣೆ ಅಂತಾರೆ."

ಎಲ್ಲಕ್ಕಿಂತ ಕಾಟ ಕೊಟ್ಟಿದ್ದು ಭದ್ರತೆಯ ಹೆಸರಲ್ಲಿ ಪರದೆಯ ಮೇಲೆ ತೆರೆದುಕೊಂಡು ಅನುಮತಿ ಕೇಳುವ ಕಿಟಕಿಗಳು. ಅವು ತೆರೆದುಕೊಂಡರೆ ಉಳಿದದ್ದೆಲ್ಲ ಸ್ತಬ್ಧ, ಮಾತಿನಮಲ್ಲಿಯ ಬಾಯಿಯೂ ಬಂದ್. ಎದುರಿಗೆ ಕೂತ ಕಣ್ಣು ಕಾಣದವರಿಗೆ ಕಂಪ್ಯೂಟರ್ ಏನೋ ಅನುಮತಿ ಕೇಳುತ್ತಿದೆ ಎಂಬುದೂ ತಿಳಿಯುವುದಿಲ್ಲ.

ಎರಡು ತಿಂಗಳ ಹಿಂದಿನ ಒಂದು ಬೆಳಗ್ಗೆ ಹೀಗೇ ಆಯಿತು. ಅಂದು ವಾರ್ಷಿಕ ಪರೀಕ್ಷೆಯ ಗಣಿತ. ಸೋರಿಕೆಯಾಗಬಾರದೆಂದು ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಯ ದಿನವೇ ಮುದ್ರಿಸುವುದು ಪದ್ಧತಿ. ಮೊಹರು ಹಾಕಿದ ಲಕೋಟೆಯಲ್ಲಿ ಪೆನ್‌ಡ್ರೈವ್ ತಂದ ಶಾಲೆಯ ವ್ಯಾನ್ ಚಾಲಕ, ಹಾಳೆಗಳನ್ನು ಒಯ್ಯಲು ಬಾಗಿಲಲ್ಲೇ ಕಾದಿದ್ದರು. ಚುಕ್ಕಿಯಕ್ಕ ಮುದ್ರಣಕ್ಕೆ ಆದೇಶ ಕೊಟ್ಟರು. ಯಂತ್ರ ಸದ್ದು ಮಾಡಲಿಲ್ಲ, ಮಾತಿನಮಲ್ಲಿಯೂ ತುಟಿಪಿಟಕ್ ಎನ್ನಲಿಲ್ಲ.

"ಅಣ್ಣಾ, ಸ್ವಲ್ಪ ಬನ್ನಿ. ಪರದೆ ಮೇಲೆ ಏನಿದೆ ನೋಡಿ."

ಚಾಲಕ ದೀಪ ಹಾಕಿ ಓದಿದರು. "ಈ ತಂತ್ರಾಂಶ ಮಾಡಿದವರು ಯಾರು ಅಂತ ಗೊತ್ತಿಲ್ವಂತೆ. ಬದಲಾವಣೆ ಮಾಡೋಕೆ ಬಿಡ್ತೀರಾ ಅಂತ ಕೇಳ್ತಿದೆ. ಹೂಂ ಅಂದುಬಿಡ್ಲಾ ಅಕ್ಕ?"

"ತಡೀರಿ. ಯಾವುದು ಅಂತ ಹೆಸರು ಓದಿ ಮೊದಲು."

ಹೆಸರು ಓದಿದಾಗ ನೋಡಿದರೆ, ಅವರು ಇಷ್ಟು ವರ್ಷ ಬಳಸಿದ ಬ್ರೈಲ್ ಮುದ್ರಣದ ತಂತ್ರಾಂಶವೇ. ರಾತ್ರಿ ಆದ ಅಪ್‌ಡೇಟ್ ಅದನ್ನು ಅಪರಿಚಿತನನ್ನಾಗಿ ಮಾಡಿತ್ತು. ಹೂಂ ಒತ್ತಿಸಿದರೆ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದದ್ದು ವ್ಯವಸ್ಥಾಪಕರೊಬ್ಬರಿಗೆ. ಅವರು ಪ್ರಯಾಣದಲ್ಲಿದ್ದರು, ಫೋನ್ ಸಿಗಲಿಲ್ಲ.

"ಉಳಿದ ಮಕ್ಕಳೆಲ್ಲ ಬರೀತಿರುವಾಗ ನಮ್ಮ ಮಕ್ಕಳು ಮಾತ್ರ ಬರಿಗೈಲಿ ಕೂತಿರೋದು ಕಣ್ಣಿಗೆ ಕಟ್ಟಿದ ಹಾಗಾಯ್ತು," ಎನ್ನುತ್ತಾರೆ ಚುಕ್ಕಿಯಕ್ಕ.

ಆಗ ನೆನಪಾದದ್ದು ಹಳೆಯ ಕಂಪ್ಯೂಟರ್. ಗುಜರಿಗೆ ಹೊರಟಿದ್ದನ್ನು "ಒಂದು ಮೂಲೇಲಿ ಬಿದ್ದಿರಲಿ ಸಾರ್" ಎಂದು ಅವರೇ ಗೋಗರೆದು ಉಳಿಸಿಕೊಂಡಿದ್ದರು. ಚಾಲಕ ಉಗ್ರಾಣದಿಂದ ಅದನ್ನು ಹೊತ್ತು ತಂದರು. ಚುಕ್ಕಿಯಕ್ಕ ಧೂಳು ಒರೆಸಿ, ಮುದ್ರಣಯಂತ್ರದ ತಂತಿಯನ್ನು ಇದಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಗುರ್ ಎಂದಿತು. ಬಹಳ ಹೊತ್ತು ಬರೀ ಗುರ್. ಆಮೇಲೆ ಹಳೆಯ ಮಾತಿನಮಲ್ಲಿ, ಗಂಟಲು ಕಟ್ಟಿದವಳಂತೆ, ಸ್ವಾಗತ ಎಂದಳು.

"ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಆ ಅಣ್ಣ ಕಂಪ್ಯೂಟರಿಗೆ ಕೈಮುಗಿದ್ರಂತೆ."

ಪೆನ್‌ಡ್ರೈವ್ ಇದಕ್ಕೇ ಸಿಕ್ಕಿಸಿ ಮುದ್ರಿಸಿ, ಪ್ರತಿ ಹಾಳೆಯನ್ನೂ ಬೆರಳಾಡಿಸಿ ನೋಡಿಯೇ ಕಟ್ಟಿ ಕೊಟ್ಟರು. ವ್ಯಾನ್ ಹೊರಟಿತು. ಚಾಲಕರ ಫೋನ್ ಬರುವವರೆಗೆ ಚುಕ್ಕಿಯಕ್ಕ ಊಟದ ಡಬ್ಬಿ ಮುಟ್ಟಲಿಲ್ಲ. "ತಲುಪಿಸಿದೆ ಅಕ್ಕ. ಮಕ್ಕಳು ಈಗಷ್ಟೇ ಒಳಗೆ ಹೋದ್ರು" ಎಂಬ ಮಾತು ಕೇಳಿದ ಮೇಲೆಯೇ ಹಸಿವು ಗೊತ್ತಾದದ್ದು.

ಊರಿಂದ ಬಂದ ವ್ಯವಸ್ಥಾಪಕರಿಗೆ ಚುಕ್ಕಿಯಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು: "ಪಾಸ್‌ವರ್ಡ್ ನಿಮ್ಮ ಜೇಬಲ್ಲಿ, ಕೆಲಸ ನನ್ನ ಕೈಲಿ ಅಂದ್ರೆ ಹೇಗೆ ಸಾರ್?" ಅವರು ತಲೆದೂಗಿ ಮರುದಿನವೇ ತಂತ್ರಜ್ಞರನ್ನು ಕರೆಸಿದರು. ಈಗ ಕಿಟಕಿ ತೆರೆದಾಗಲೂ ಮಾತಿನಮಲ್ಲಿ ಸುಮ್ಮನಾಗುವುದಿಲ್ಲ, ಪಾಸ್‌ವರ್ಡ್ ಚುಕ್ಕಿಯಕ್ಕನಿಗೂ ಗೊತ್ತು. ಪರೀಕ್ಷೆಯ ದಿನಗಳಲ್ಲಿ ಅಪ್‌ಡೇಟಿಗೆ ಪ್ರವೇಶವಿಲ್ಲ. ಹಳೆಯ ಯಂತ್ರಕ್ಕೊಂದು ಸ್ವಂತ ಮೇಜು ಸಿಕ್ಕಿದೆ. "ಈಗ ರಾತ್ರಿ ನೆಮ್ಮದಿಯಾಗಿ ಮಲಗ್ತೀನಿ," ಎನ್ನುತ್ತಾರೆ.

ಹಾಗಾದರೆ ಈ ತಂತ್ರಾಂಶ ಮಾಡುವವರ ಮೇಲೆ ಸಿಟ್ಟಿಲ್ಲವೆ? ಬಿಸಿಬಿಸಿ ಹಾಳೆಯೊಂದನ್ನು ಸವರುತ್ತಲೇ ಚುಕ್ಕಿಯಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ಕಳ್ಳಕಾಕರ ಕಾಟ ಇದೆ, ಗೊತ್ತು. ಅನುಮತಿ ಕೇಳಲಿ, ಬೇಡ ಅನ್ನಲ್ಲ. ಬಾಯಿಬಿಟ್ಟು ಕೇಳಲಿ ಅಷ್ಟೇ. ಉತ್ತರ ಹೇಳೋಕೆ ನಾನು ಇಲ್ಲೇ ಕೂತಿದ್ದೀನಲ್ಲ."