ಮೇಲಿನ ಗಾಳಿಗೆ ಬಂದ ಜ್ವರ

ಮಹಡಿಯ ಮೇಲೆ ಸಂಡಿಗೆ ಇಟ್ಟು ಕೆಳಗಿಳಿದರೆ, ಮೊಮ್ಮಗಳು ಕಾಫಿಯನ್ನೂ ಮುಟ್ಟದೆ ಕಂಪ್ಯೂಟರ್ ಮುಂದೆ ಕೂತಿದ್ದಳು. ಬಲೂನು ಕೂಡ ಹೋಗಲಾರದಷ್ಟು ಎತ್ತರದ ಗಾಳಿಯನ್ನು ಅಳೆಯುವುದು ಅವಳ ಕೆಲಸ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಳೆಯಲು ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಹಿಂದೊಮ್ಮೆ ಕೇಳಿದ್ದೆ.

"ಯಾರೂ ಹೋಗಲ್ಲ ಅಜ್ಜಿ. ಉಪಗ್ರಹ ಬರೀ ಬಿಸಿ ನೋಡತ್ತೆ. ಎಲ್ಲಿ ಬಿಸಿ, ಎಲ್ಲಿ ತಣ್ಣಗೆ ಅಂತ ಗೊತ್ತಾದ್ರೆ, ಭೂಮಿ ತಿರುಗೋದನ್ನೂ ಸೇರಿಸಿ ಗಾಳಿ ಯಾವ ಕಡೆ ಅಂತ ಲೆಕ್ಕ ಹಾಕ್ತೀವಿ."

ಅದು ನನಗೆ ತಕ್ಷಣ ತಿಳಿಯಿತು. ನಮ್ಮ ಯಜಮಾನರು ಹೋಗುವಾಗ ಹಣೆ ಸುಡುತ್ತಿತ್ತು, ಪಾದ ತಣ್ಣಗಿತ್ತು. ಆಮೇಲೆ ಮೊಣಕಾಲೂ ತಣ್ಣಗಾಯಿತು. ಜೀವ ಯಾವ ಕಡೆ ಹೊರಟಿದೆ ಎಂದು ಕಣ್ಣಲ್ಲಿ ನೋಡಬೇಕಿರಲಿಲ್ಲ. ನೆಂಟರಿಗೆ ಫೋನ್ ಮಾಡಿಸಿದೆ.

ಆ ದಿನ ಪರದೆಯ ಮೇಲೆ ಉತ್ತರ ಧ್ರುವದ ನೆತ್ತಿ ಕೆಂಪಗಿತ್ತು.

"ಏನೇ ಅದು, ಜ್ವರಾನಾ?"

"ಹಾಗೇ ಅಂದ್ಕೋ. ಮೇಲೆ ಇದ್ದಕ್ಕಿದ್ದ ಹಾಗೆ ಬಿಸಿಯೇರಿದೆ, ಗಾಳಿ ನಿಲ್ತಾ ಇದೆ. ಪೂರ್ತಿ ಹಿಂದಕ್ಕೆ ತಿರುಗಿದ್ರೆ, ಕೆಲವು ವಾರ ಬಿಟ್ಟು ಕೆಳಗಿನ ಊರುಗಳಲ್ಲಿ ಚಳಿ ಜನರನ್ನ ಕೊಲ್ಲಬಹುದು. ತಿರುಗಿತಾ ಇಲ್ವಾ ಅಂತ ನಾನು ಇವತ್ತು ಹೇಳ್ಬೇಕು."

"ಹೇಳು ಮತ್ತೆ."

"ಇದು ನಿನ್ನೇದು. ಇವತ್ತಿನ ಅಳತೆನೇ ಬಂದಿಲ್ಲ. ಉಪಗ್ರಹಕ್ಕೆ ವಯಸ್ಸಾಗಿದೆ."

"ನನಗೂ ಆಗಿದೆ. ಬೆಳಗ್ಗೆಯಿಂದ ಹಿಟ್ಟು ಕಾಸಿ ಸಂಡಿಗೆ ಇಟ್ಟಿಲ್ವಾ? ಇನ್ನೊಂದು ಹಾರಿಸಿ."

"ಗಾಳಿಪಟಾನಾ ಅಜ್ಜಿ ಅದು?"

ಮಧ್ಯಾಹ್ನವಾದರೂ ಏನೂ ಬರಲಿಲ್ಲ. ನಿನ್ನೆಯ ಚಿತ್ರವನ್ನೇ ಅವಳು ಮತ್ತೆ ಮತ್ತೆ ನೋಡುತ್ತಿದ್ದಳು.

"ನಿನ್ನೇದು ನೋಡಿದ್ರೆ ಏನನ್ಸತ್ತೆ?"

"ತಿರುಗೋ ಹಾಗೇ ಇದೆ."

"ಹಂಗಾದ್ರೆ ತಿರುಗಿದೆ ಅಂತ ಬರಿ. ನಾನೇನು ನಿಮ್ಮಜ್ಜನ ಉಸಿರು ನಿಲ್ಲೋವರೆಗೂ ಕಾದು ಫೋನ್ ಮಾಡಿಸಿದ್ನಾ?"

"ನೀನು ಹೇಳಿದ್ದು ತಪ್ಪಾಗಿದ್ರೆ ನೆಂಟರು ಊಟ ಮಾಡ್ಕೊಂಡು ಹೋಗ್ತಿದ್ರು. ನಂದು ತಪ್ಪಾದ್ರೆ ಮುಂದಿನ ಸಲ ಯಾರೂ ಕೇಳಲ್ಲ ಅಜ್ಜಿ."

ಅವಳು 'ಗೊತ್ತಿಲ್ಲ' ಎಂದು ಬರೆದು ಕಳಿಸಿದಳು. ಆರಿದ ಕಾಫಿ ಲೋಟ ನಾನು ತೆಗೆದುಕೊಳ್ಳುವಾಗ ಅವಳ ಬೆರಳು ತಗುಲಿತು. ಐಸಿನ ಹಾಗಿತ್ತು.

ಕಾಗೆ ಓಡಿಸಲು ಮಹಡಿಗೆ ಹೋದೆ. ಸಂಡಿಗೆಗೆ ಹಾಸಿದ್ದ ಹಳೇ ಸೀರೆಯ ಅಂಚು ಕೂಡ ಅಲುಗಾಡಲಿಲ್ಲ. ತಲೆಯ ಮೇಲೆ ಶುಭ್ರ ಆಕಾಶ. ಅದನ್ನು ಯಾವತ್ತೂ ಅಷ್ಟು ಹೊತ್ತು ನೋಡಿರಲಿಲ್ಲ.

ಆ ಉಪಗ್ರಹದಿಂದ ಮತ್ತೆ ಅಳತೆ ಬರಲಿಲ್ಲ. ಕೆಲವು ವಾರದ ಮೇಲೆ ಟೀವಿಯಲ್ಲಿ ಯಾವುದೋ ದೇಶದ ರಸ್ತೆ ತೋರಿಸಿದರು. ಸಾಲುಗಟ್ಟಿದ ಕಾರುಗಳು ಹಿಮದಲ್ಲಿ ಹೂತಿದ್ದವು, ಜನ ಒಳಗೇ ಇದ್ದರಂತೆ. ಮೊಮ್ಮಗಳು ರಿಮೋಟ್ ತೆಗೆದುಕೊಂಡು ಸೌಂಡ್ ಪೂರ್ತಿ ಇಳಿಸಿದಳು. ಟೀವಿ ಆರಿಸಲಿಲ್ಲ.